ಉತ್ತರ ಕಣ್ವರ ಖಾತೆ

ಶಿಕಾರಿಪುರದ ಕೆರೆ ಏರಿಯ ಮೇಲೆ ನಿಂತು ನಾನು ಹರಪ್ಪದಿಂದ ಹರ್ಷವರ್ಧನನವರೆಗಿನ ಇತಿಹಾಸವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ದಿನ ಕೆರೆಯ ನೀರು ಎರಡು ಅಂಗುಲ ಇಳಿಯಿತು. ನಾನು ಎಳೆದುಕೊಂಡ ಉಸಿರು ಅಷ್ಟು ದೊಡ್ಡದು. ಮೀನುಗಳೆಲ್ಲ ದಡಕ್ಕೆ ಬಂದು ಬಾಯಿ ತೆರೆದು ಕೇಳಿದವು. ಕಳಿಂಗ ಯುದ್ಧದ ಭಾಗ ಬಂದಾಗ ಒಂದು ಮುದಿ ಮೀನು ಅತ್ತದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಅವರ ಹೆಸರು ಮಾತ್ರ ಈಗ ನೆನಪಿಗೆ ಬರುತ್ತಿಲ್ಲ.

ನಾನು ಗುರುಪ್ರಕಾಶ್. ಶಿಕಾರಿಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಪರಮಶಿವಪ್ಪನವರ ಮಗ. ಕಸುಬು, ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು. ನಾನು ನಮ್ಮೂರಲ್ಲೇ ಕೂತರೆ ಅಲ್ಲಿನ ಉಳಿದ ಐದು ಮಂದಿ ಬರಹಗಾರರ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂಬ ಒಂದೇ ಕರುಣೆಯಿಂದ ದಿನಾ ಬಸ್ಸು ಹತ್ತಿ ಸೊರಬಕ್ಕೆ ಹೋಗುತ್ತಿದ್ದೆ. ಆ ಐವರೂ ಸೇರಿ ನನ್ನ ಮೇಜನ್ನು ಚರಂಡಿಗೆ ಎಸೆದದ್ದರಿಂದ ಹೋದೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಅವರು ಎಸೆದದ್ದು ಮೇಜಲ್ಲ, ಸ್ಟೂಲು.

ಸೊರಬದಲ್ಲಿ ನನ್ನ ಅರ್ಜಿಗಳ ಖ್ಯಾತಿ ಹೇಗಿತ್ತೆಂದರೆ, ಎಮ್ಮೆ ಕಳೆದುಹೋಗಿದೆ ಎಂದು ನಾನು ಬರೆದ ಒಂದು ಅರ್ಜಿಯ ಒಕ್ಕಣೆ ಕೇಳಿ ಎಮ್ಮೆ ತಾನಾಗಿಯೇ ಮನೆಗೆ ಬಂದಿತ್ತು. ನಮ್ಮ ಕಸುಬಿಗೆ ನಿಯಮ ಒಂದೇ. ಯಾವ ಕಲಮನ್ನೂ ಖಾಲಿ ಬಿಡಬಾರದು. ಖಾಲಿ ಬಿಟ್ಟ ಅರ್ಜಿ ಕಿಟಕಿಯೊಳಗೆ ಹೋದಷ್ಟೇ ಬೇಗ ಹೊರಗೆ ಬರುತ್ತದೆ. ಮುತ್ತಜ್ಜ ಸತ್ತ ತಾರೀಕು ಯಾರಿಗೂ ಗೊತ್ತಿಲ್ಲವೋ, ಪ್ಲೇಗು ಬಂದ ವರ್ಷ, ಸೋಮವಾರ ಎಂದಾದರೂ ತುಂಬಬೇಕು. ತುಂಬಿದ ಮೇಲೆ ಅದೇ ನಿಜ. ಸೀಲು ಬಿದ್ದ ಮೇಲಂತೂ ಮುತ್ತಜ್ಜನೇ ಎದ್ದು ಬಂದು ಅಲ್ಲವೆಂದರೂ ನಡೆಯುವುದಿಲ್ಲ.

ತೊಂಬತ್ತೆಂಟರಲ್ಲಿ ನಾಗವೇಣಿ ನನ್ನ ಮೇಜಿಗೆ ಬಂದಳು. ಕುಬಟೂರಿನ ರೈತ ಜಟ್ಟಪ್ಪನ ಮಗಳು, ಬಿ.ಎ. ಮಾಡಿದ್ದಳು. ಪಕ್ಕದ ಆನವಟ್ಟಿಯ ಒಂದು ಖಾಸಗಿ ಶಾಲೆಯಲ್ಲಿ ತಾತ್ಕಾಲಿಕ ಟೀಚರಾಗಿದ್ದಳು. ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕೆಂದಳು. ಯಾಕೆಂದು ಕೇಳಿದರೆ, ಕೆ.ಎ.ಎಸ್. ಪರೀಕ್ಷೆಯ ಪ್ರಿಲಿಮ್ಸ್ ಪಾಸಾಗಿದೆ, ಮುಖ್ಯ ಪರೀಕ್ಷೆಯ ಅರ್ಜಿಗೆ ಎಂದಳು. ಏನೋ ತಪ್ಪು ಮಾಡಿದವಳಂತೆ ಮೆಲ್ಲಗೆ ಹೇಳಿದಳು.

ಆ ಪರೀಕ್ಷೆ ವರ್ಷಾವರ್ಷ ಬರುವಂಥದ್ದಲ್ಲ. ಅವಳಿಗೆ ಹಿಂದೆ ಎರಡು ಸಲ ಪ್ರಿಲಿಮ್ಸಿನಲ್ಲೇ ಮುಗಿದಿತ್ತು. ಮುಂದಿನದಕ್ಕೆ ಕರೆಯುವಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಶಾಲೆಯವರೂ ಜೂನ್‌ನಿಂದ ಟಿ.ಸಿ.ಎಚ್. ಓದಿದವರನ್ನೇ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಅಲ್ಲಿಗೆ ಅವಳ ಪಾಲಿಗೆ ಉಳಿದದ್ದು ಇದೊಂದು ಪರೀಕ್ಷೆ.

"ಐಚ್ಛಿಕ ಯಾವುದು ತಗೊಂಡ್ರಿ?" ಎಂದೆ.

"ಇತಿಹಾಸ, ಸಾರ್. ನಮ್ಮ ಕರ್ನಾಟಕದ್ದು ಹೆಂಗೋ ಆಗ್ತೈತೆ. ಪ್ರಾಚೀನ ಭಾರತನೇ ಕೈ ಕೊಡ್ತೈತೆ. ಆ ರಾಜರೆಲ್ಲ ಒಬ್ಬರ ಮೇಲೊಬ್ಬರು ಬೀಳ್ತಾರೆ. ತಲೇಲಿ ನಿಲ್ಲಲ್ಲ."

ನಾನು ಪೆನ್ನಿನ ಕ್ಯಾಪು ಹಾಕಿದೆ. "ಯಾರ ಹತ್ರ ಬಂದೀರಿ ಅಂತ ಗೊತ್ತಾ ನಿಮಗೆ? ನಾನು ಇಂಟರ್ವ್ಯೂ ತನಕ ಹೋಗಿ ಬಂದೋನು. ಅವರು ನನಗೆ ಒಂದು ಪ್ರಶ್ನೆ ಕೇಳಿದ್ರು, ನಾನು ಅವರಿಗೆ ಮೂರು ಕೇಳಿದೆ. ಇಂಥೋನು ಬಂದ್ರೆ ನಮ್ಮ ಕುರ್ಚಿ ಉಳಿಯಲ್ಲ ಅಂತ ಕೈ ಬಿಟ್ರು."

ಅವಳು ನಂಬಿದಳು. ಮುಳುಗುವವರು ಹಾಗೆ ನಂಬುತ್ತಾರೆ. ಅಂದಿನಿಂದ ನಾನು ಸಾರ್ ಹೋಗಿ ಗುರಣ್ಣನಾದೆ.

ಪ್ರತಿ ಭಾನುವಾರ ಕಚೇರಿಗೆ ರಜೆ. ಎದುರಿನ ಹೊಂಗೆ ಮರದಡಿ ನನ್ನ ಮೇಜಿನ ಮೇಲೆ ಪಾಠ. ಜಟ್ಟಪ್ಪ ಮಗಳ ಜೊತೆ ಬಸ್ಸಿನಲ್ಲಿ ಬಂದು ಮರದ ಬುಡದಲ್ಲಿ ಎಲೆ ಅಡಿಕೆ ಚೀಲ ಬಿಚ್ಚಿ ಕೂರುತ್ತಿದ್ದ. ನಾನು ಕಲಿಸಿದ ಪದ್ಧತಿ ಪ್ರಪಂಚದ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಲಂಡನ್ನಿನವರು ಕೇಳಿ ಬರೆದಿದ್ದರು, ನಾನು ಕೊಡಲಿಲ್ಲ. ಇಡೀ ಪ್ರಾಚೀನ ಭಾರತವನ್ನು ನಾನು ಪಹಣಿ ಮಾಡಿಬಿಟ್ಟಿದ್ದೆ. ಜಮೀನು ಯಾವುದು, ಅದು ಯಾವ ವರ್ಷ ಯಾರ ಹೆಸರಲ್ಲಿ ಇತ್ತು, ಯಾರಿಂದ ಯಾರಿಗೆ ಹೇಗೆ ಹೋಯಿತು. ರೈತರ ಮಕ್ಕಳಿಗೆ ಅದಕ್ಕಿಂತ ಸಲೀಸು ಇನ್ನೇನು?

"ಸರ್ವೆ ನಂಬರು ಒಂದು, ಪಾಟಲಿಪುತ್ರ. ಖಾತೆದಾರ ಯಾರು?"

"ನಂದರು."

"ಅಲ್ಲಿಂದ?"

"ಚಂದ್ರಗುಪ್ತ ಮೌರ್ಯ. ಬಲವಂತದ ಕಬ್ಜೆ."

"ಬೃಹದ್ರಥನಿಂದ ಪುಷ್ಯಮಿತ್ರ ಶುಂಗನಿಗೆ?"

"ಸೈನ್ಯದ ಎದುರೇ ಖಾತೆದಾರನ್ನ ಕೊಂದು ಹೆಸರು ಹತ್ತಿಸ್ಕೊಂಡಿದ್ದು."

"ತಕರಾರು ಬರ್ಲಿಲ್ವಾ?"

"ತಕರಾರು ಯಾರಿಗೆ ಕೊಡ್ತೀರಿ ಗುರಣ್ಣ? ಸೇನಾಪತಿನೂ ಅವನೇ, ತಹಸೀಲ್ದಾರನೂ ಅವನೇ!" ಎಂದು ಅವಳು ನಕ್ಕಳು. ನಕ್ಕಾಗ ಅವಳು ಬಿ.ಎ. ಓದುವ ಹುಡುಗಿಯಂತೆ ಕಾಣುತ್ತಿದ್ದಳು. ನಿಲ್ಲಿಸಿದ ಕೂಡಲೇ ವಯಸ್ಸು ವಾಪಸು ಬರುತ್ತಿತ್ತು.

ಜಟ್ಟಪ್ಪನಿಗೆ ಒಂದೇ ಸಂಕಟ. "ಅಲ್ಲ ಮೇಷ್ಟ್ರೇ, ನಮ್ಮೂರ ದೇವಸ್ಥಾನದ ಸುತ್ತ ಕಲ್ಲಿನ ತುಂಬ ಬರ್ದಾರೆ. ಈ ಹುಡುಗಿ ಅದ್ರ ಮೇಲೇ ಕೂತು ಆಡಿ ಬೆಳ್ದಾಳೆ. ಅದು ಬಿಟ್ಟು ಆ ಪಾಟ್ಲಿಪುತ್ರದ್ದು ಯಾಕೆ ಕೇಳ್ತಾರೆ? ಅಲ್ಲಿ ಹುಡುಗ್ರಿಗೆ ನಮ್ಮೂರಿಂದು ಕೇಳ್ತಾರಾ?"

"ಕೇಳಲ್ಲ ಜಟ್ಟಪ್ಪ."

"ಹಂಗಾರೆ ಇದೆಂತ ನ್ಯಾಯ?" ಎಂದು ಅವನು ಎಲೆಗೆ ಸುಣ್ಣ ಹಚ್ಚಿದ.

ಶುಂಗರಾದ ಮೇಲೆ ಕಣ್ವರು ಬಂದರು. ನಲವತ್ತೈದು ವರ್ಷ, ನಾಲ್ಕು ರಾಜರು. ಕ್ರಿಸ್ತಪೂರ್ವ ಇಪ್ಪತ್ತೆಂಟರಲ್ಲಿ ಅವರೂ ಮುಗಿದರು. ಆಮೇಲೆ ಕ್ರಿಸ್ತಶಕ ಮುನ್ನೂರ ಇಪ್ಪತ್ತರಲ್ಲಿ ಗುಪ್ತರ ಚಂದ್ರಗುಪ್ತ. ನಾಗವೇಣಿ ಸ್ಕೇಲಿಟ್ಟು ಗೆರೆ ಹೊಡೆದ ಪಹಣಿಯಲ್ಲಿ ಈ ಎರಡರ ನಡುವೆ ಮುಕ್ಕಾಲು ಪುಟ ಬಿಳಿ ಉಳಿಯಿತು.

"ಗುರಣ್ಣ, ಈ ಮುನ್ನೂರ ಚಿಲ್ಲರೆ ವರ್ಷ ಪಾಟಲಿಪುತ್ರದ ಖಾತೆ ಯಾರ ಹೆಸರಲ್ಲಿತ್ತು?"

ನನ್ನ ಹತ್ತಿರ ಎರಡು ಪುಸ್ತಕವಿದ್ದವು. ಒಂದರಲ್ಲಿ ಆ ಕಾಲ ಅಸ್ಪಷ್ಟ ಎಂದಿತ್ತು. ಇನ್ನೊಂದರಲ್ಲಿ ಆ ಕಾಲವೇ ಇರಲಿಲ್ಲ.

"ಅಸ್ಪಷ್ಟ ಅಂತಾನೆ ಬರ್ಕೊಳ್ಲಾ?" ಎಂದಳು.

ಅಸ್ಪಷ್ಟ ಎಂದು ಬರೆದ ಯಾವ ಅರ್ಜಿ ಇವತ್ತಿನವರೆಗೆ ಮಂಜೂರಾಗಿದೆ? "ಬರೋ ಭಾನುವಾರ ಬರ್ರಿ. ತುಂಬಿಸ್ಕೊಡ್ತೀನಿ" ಎಂದೆ.

ಆ ವಾರ ನಾನು ಧಾರವಾಡಕ್ಕೆ ಹೋದೆ. ಅಲ್ಲಿ ತೊಂಬತ್ತಾರು ವರ್ಷದ ಒಬ್ಬ ಪಂಡಿತರು, ನನ್ನನ್ನು ಕಂಡವರೇ "ನೀ ಬರ್ತಿ ಅಂತ ನಂಗ ಮೂವತ್ತು ವರ್ಷದಿಂದ ಗೊತ್ತಿತ್ತು" ಎಂದು ಕಬ್ಬಿಣದ ಪೆಟ್ಟಿಗೆ ತೆರೆದರು. ಒಳಗೆ ಹನ್ನೆರಡು ತಾಮ್ರಪಟ, ಒಂದೊಂದೂ ಕೋಣದ ತೂಕ. ಅವನ್ನು ನಾನು ಒಬ್ಬನೇ ಎತ್ತಿ ಬಿಸಿಲಿಗೆ ಹಿಡಿದು ಓದಿದೆ. ತಾಮ್ರದ ಹೊಳಪಿಗೆ ಬೀದಿಯಲ್ಲಿ ಹೋಗುತ್ತಿದ್ದ ಮೂರು ಸೈಕಲ್ಲು ಗೋಡೆಗೆ ಗುದ್ದಿದವು. ಅದರಲ್ಲಿತ್ತು ಇಡೀ ವಂಶ, ಉತ್ತರ ಕಣ್ವರು.

ಭಾನುವಾರ ಇದನ್ನೆಲ್ಲ ನಾಗವೇಣಿಗೆ ಹೇಳಿ ಬರೆಸಿದೆ. ಉತ್ತರ ಕಣ್ವರಲ್ಲಿ ದೊಡ್ಡವನು ಮಹಾಸೇನ. ಅವನಿಗೆ ಇಬ್ಬರು ರಾಣಿಯರು. ಪಟ್ಟದ ರಾಣಿಗೆ ಮಕ್ಕಳಿಲ್ಲ. ಅದಕ್ಕೆ ತಮ್ಮನ ಮಗನನ್ನು ದತ್ತು ತೆಗೆದುಕೊಂಡ. ದತ್ತು ತೆಗೆದುಕೊಂಡ ವರ್ಷವೇ ಕಿರಿಯ ರಾಣಿ ಅವಳಿ ಮಕ್ಕಳನ್ನು ಹಡೆದಳು. ದತ್ತುಪುತ್ರ ಸಿಟ್ಟಾಗಿ ಶೋಣ ನದಿ ದಾಟಿ ಬೇರೆ ರಾಜ್ಯ ಕಟ್ಟಿದ. ಅವಳಿಗಳಲ್ಲಿ ಒಬ್ಬ ಕುಂಟ. ಎಲ್ಲರೂ ಅವನನ್ನು ಕಡೆಗಣಿಸಿದ್ದರು, ಆಳಿದ್ದು ಅವನೇ, ನಲವತ್ತೊಂದು ವರ್ಷ. ಅವನ ಮಕ್ಕಳ ಕಾಲಕ್ಕೆ ರಾಜ್ಯ ಏಳು ಪಾಲಾಯಿತು. ಏಳೂ ಪಾಲಿನವರು ಹೊಡೆದಾಡಿ ಸವೆದುಹೋದಾಗ ಗುಪ್ತರು ಬಂದರು.

ಅವಳು ಬರೆಯುತ್ತಾ ಬರೆಯುತ್ತಾ ನಿಲ್ಲಿಸಿದಳು. "ಇದು ಯಾವ ಪುಸ್ತಕದಾಗೂ ಇಲ್ವಲ್ಲ ಗುರಣ್ಣ."

"ಪುಸ್ತಕದಲ್ಲಿರೋದನ್ನ ಎಲ್ಲರೂ ಬರೀತಾರೆ ತಂಗಿ. ಇದನ್ನ ಇಡೀ ರಾಜ್ಯದಲ್ಲಿ ನೀವೊಬ್ರೇ ಬರೀತೀರಿ."

"ತಪ್ಪಾದ್ರೆ? ನಂಗೆ ಇನ್ನೊಂದ್ಸಲ ಇಲ್ಲ."

"ತಾಮ್ರ ಎಲ್ಲಾದ್ರೂ ತಪ್ಪು ಹೇಳುತ್ತಾ?"

ಅವಳು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಪೆನ್ನಿನಲ್ಲೇ ಬರ್ಕೊಳ್ರಿ ಎಂದೆ. ಬರೆದುಕೊಂಡಳು.

ಜಟ್ಟಪ್ಪನಿಗಂತೂ ಈ ವಂಶ ಬಹಳ ಹಿಡಿಸಿತು. "ಅಶೋಕ ಗಿಶೋಕ ಎಲ್ಲ ದೊಡ್ಡೋರು ಮೇಷ್ಟ್ರೇ. ಈ ಕುಂಟ ರಾಜ ನೋಡಿ, ನಮ್ಮ ಕಡೆಯೋನು ಇದ್ದಂಗದಾನೆ" ಎಂದ.

ಮುಂದಿನ ಐದು ತಿಂಗಳು ನಾಗವೇಣಿ ಹೇಗೆ ಓದಿದಳೆಂದು ಹೇಳುವಾಗ ನಾನು ಏನನ್ನೂ ಸೇರಿಸಬೇಕಾಗಿಲ್ಲ. ಆನವಟ್ಟಿಯಿಂದ ಸೊರಬಕ್ಕೆ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ತುಟಿ ಆಡಿಸುತ್ತಿದ್ದಳು. ಜೂನ್‌ನಲ್ಲಿ ಶಾಲೆಯವರು ಹೇಳಿದಂತೆಯೇ ಬಿಡಿಸಿದರು. ಅದನ್ನು ಅವಳು ನನಗೆ ಎರಡು ಭಾನುವಾರ ಕಳೆದ ಮೇಲೆ, ಸಾತವಾಹನರ ನಾಣ್ಯಗಳ ನಡುವೆ, ನಾಣ್ಯದ ವಿಷಯವೇ ಎಂಬಂತೆ ಹೇಳಿದಳು. ಊರಲ್ಲಿ ಯಾರು ಎದುರಾದರೂ "ಏನವ್ವ, ತಹಸೀಲ್ದಾರ್ ಯಾವಾಗ ಆಗ್ತೀಯ?" ಎಂದು ಕೇಳುತ್ತಿದ್ದರಂತೆ. ಕೇಳುವ ಧಾಟಿಯಲ್ಲೇ ಉತ್ತರವೂ ಇರುತ್ತಿತ್ತಂತೆ. ಹಾಗಾಗಿ ಅವಳು ಹಿತ್ತಲ ದಾರಿಯಲ್ಲೇ ಓಡಾಡುತ್ತಿದ್ದಳು.

ಪರೀಕ್ಷೆ ಬೆಂಗಳೂರಲ್ಲಿ. ಅಪ್ಪ ಮಗಳು ಇಬ್ಬರೂ ಹೋಗಿ, ಯಾರೋ ನೆಂಟರ ಮನೆಯಲ್ಲಿದ್ದು, ಎಲ್ಲಾ ಪತ್ರಿಕೆ ಬರೆದು ಬಂದರು. ಬಂದ ಮರುದಿನವೇ, ಅದು ಸೋಮವಾರ, ಕಚೇರಿಯ ಮುಂದೆ ಜನ ಗಿಜಿಗುಡುತ್ತಿದ್ದ ಹೊತ್ತಿನಲ್ಲಿ, ನಾಗವೇಣಿ ನನ್ನ ಮೇಜಿಗೆ ಬಂದಳು. ನನಗೆಂದು ಒಂದು ಪೆನ್ನು ತಂದಿದ್ದಳು. ಅವಳ ಮುಖ ನೋಡಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಹೊಳೆಯುತ್ತಿತ್ತು.

"ಗುರಣ್ಣ, ಬಂತು!"

"ಏನು ಬಂತು?"

"ಕಣ್ವರ ಪತನದಿಂದ ಗುಪ್ತರ ಉದಯದವರೆಗೆ ಮಗಧದ ರಾಜಕೀಯ ಸ್ಥಿತಿಯನ್ನು ವಿವರಿಸಿ. ಅರವತ್ತು ಮಾರ್ಕು! ಪಕ್ಕದ ಬೆಂಚಿನೋರು ಪ್ರಶ್ನೆ ನೋಡಿ ತಲೆ ಮೇಲೆ ಕೈ ಹೊತ್ಕೊಂಡ್ರು. ನಾನು ಎಂಟು ಪುಟ ಬರ್ದೆ."

ನಾನು ಪೆನ್ನಿನ ಕ್ಯಾಪು ತೆಗೆದೆ, ಹಾಕಿದೆ. "ಚಾಯ್ಸ್ ಇತ್ತಾ?"

"ಇತ್ತು. ಅಶೋಕನ ಧಮ್ಮ ಅಥವಾ ಇದು. ಅಶೋಕಂದು ನಂಗೆ ಬಾಯಿಪಾಠ. ಆದ್ರೆ ಅದನ್ನ ಎಲ್ಲರೂ ಬರೀತಾರಲ್ಲ, ನೀವೇ ಹೇಳಿದ್ರಿ. ಬಿಟ್ಟೆ."

ಬೆಂಗಳೂರಿನ ಪರೀಕ್ಷಾ ಕೊಠಡಿಯಲ್ಲಿ ಮಹಾಸೇನ ಆನೆ ಮೇಲೆ ಕೂತು ಬಂದದ್ದನ್ನು ನಾನು ಅಲ್ಲೇ ಕಂಡೆ. ಭೇಷ್ ಎಂದೆ. ಪತ್ರಿಕೆ ತಿದ್ದುವವರು ಎದ್ದು ನಿಂತು ಓದುತ್ತಾರೆ ಎಂದೆ. ಇನ್ನೂ ಏನೇನೋ ಹೇಳುವವನಿದ್ದೆ, ಅಷ್ಟರಲ್ಲಿ ಉಜ್ಜಪ್ಪ ಬಂದು ಮೇಜಿಗೆ ಗುದ್ದಿದ.

ಉಜ್ಜಪ್ಪ ಆನವಟ್ಟಿ ಕಡೆಯ ಒಂದು ಹಳ್ಳಿಯ ಮುದುಕ. ದಾಯಾದಿಗಳ ಜೊತೆ ಅವನದೊಂದು ಜಮೀನಿನ ತಕರಾರು ನಡೆಯುತ್ತಿತ್ತು. ಆರು ತಿಂಗಳ ಹಿಂದೆ ಅವನ ಮನೆತನದಲ್ಲಿ ಯಾರಿಗೆ ಯಾರು ಮಕ್ಕಳೆಂಬ ವಂಶವೃಕ್ಷವನ್ನು ನಾನೇ ಬರೆದುಕೊಟ್ಟಿದ್ದೆ.

"ಏ ಗುರುಪ್ರಕಾಸ, ಒಳಗ ನನ್ನ ಕಾಗದ ಕಳದಾರಂತ. ಇನ್ನೊಂದು ಬರಿ ಅಂತಾರ. ಬರಕೋ ಬರಕೋ, ನನ್ನ ಬಸ್ಸಿಗೆ ಹೊತ್ತಾತು."

"ಮಧ್ಯಾಹ್ನ ಬಾರೋ ಮಾರಾಯ. ಈಗ ಕೆಲಸ ಐತಿ."

"ಎಂಥ ಕೆಲಸ? ಈ ತಂಗಿ ಜೋಡಿ ಮಾತಾಡಾದು ಕೆಲಸಾ? ಕುಂದರವ್ವ ನೀನು, ಏನೂ ತೊಂದ್ರಿ ಇಲ್ಲ, ಎಲ್ಡು ನಿಮಿಷ. ಬರಕೋ. ನಮ್ಮಜ್ಜ ಮಾಸ್ತಪ್ಪ. ಅವಂಗ ಇಬ್ರು ಹೆಂಡ್ರು."

"ಉಜ್ಜಪ್ಪ, ನನಗೆ ಗೊತ್ತೈತಿ, ನಾನೇ ಬರ್ಕೊಂತೀನಿ..."

"ನಿಂಗೇನು ಗೊತ್ತು, ನನ್ನ ಅಜ್ಜನೋ ನಿನ್ನ ಅಜ್ಜನೋ? ಹಿರೇಕಿ ಮಾಸ್ತಮ್ಮ. ಮಕ್ಳಿಲ್ಲ. ತಮ್ಮನ ಮಗ ಕರಿಯಣ್ಣನ್ನ ದತ್ತು ತಗಂಡ. ತಗಂಡ ವರ್ಸನ ಕಿರೇಕಿ ಅವಳಿ ಹಡದ್ಲು."

ನಾಗವೇಣಿ ನೀರಿನ ಬಾಟಲಿ ಎತ್ತಿದ್ದವಳು ಹಾಗೇ ಕೆಳಗಿಟ್ಟಳು.

"ಕರಿಯಣ್ಣಗ ಸಿಟ್ಟು ಬಂತು. ಹಳ್ಳ ದಾಟಿ ಆಚಿಗಿ ಹೋಗಿ ಬ್ಯಾರೆ ಮನಿ ಕಟ್ಟಿದ. ಇನ್ನ ಅವಳಿಯೊಳಗ ಒಬ್ಬ..."

"ಕುಂಟ" ಎಂದಳು ನಾಗವೇಣಿ.

ಉಜ್ಜಪ್ಪ ಅವಳ ಕಡೆ ತಿರುಗಿದ. "ಹೌದವ್ವ! ನಮ್ಮಪ್ಪನೇ ಅವ. ಕುಂಟ ಅಂತ ಯಾರೂ ಲೆಕ್ಕಕ್ಕ ಇಟ್ಟಿರಲಿಲ್ಲ. ಕಡೀಗಿ ಪಟೇಲಕಿ ಮಾಡಿದಾಂವ ಅವನ, ಒಂದಲ್ಲ ಎರಡಲ್ಲ..."

"ನಲವತ್ತೊಂದು ವರ್ಷ."

"ಭಲೇ! ನೀ ಯಾರ ಮಗಳವ್ವ? ನಮ್ಮ ಪೈಕಿನೇನು?"

"ಆಮೇಲೆ ಏಳು ಪಾಲಾಯ್ತಾ?" ಎಂದು ಅವಳು ಕೇಳಿದಳು. ಧ್ವನಿಯಲ್ಲಿ ಏನೂ ಇರಲಿಲ್ಲ.

"ಏಳೂ ಪಾಲಿನೋರು ಹೊಡದಾಡಾಕ ಹತ್ತೇವಿ ನೋಡು" ಎಂದು ಉಜ್ಜಪ್ಪ ಹೆಮ್ಮೆಯಿಂದ ನಕ್ಕ. ನಗು ಯಾರಿಗೂ ಅಂಟದ್ದನ್ನು ಕಂಡು, ನನ್ನ ಮುಖ ಅವಳ ಮುಖ ನೋಡಿ, "ಆತು, ಚಾ ಕುಡದು ಬರ್ತನಿ" ಎಂದು ಹೋದ.

ನಾಗವೇಣಿ ಚೀಲದಿಂದ ನೋಟ್‌ಬುಕ್ಕು ತೆಗೆದು ಆ ಪುಟ ಬಿಚ್ಚಿ ನನ್ನ ಮುಂದಿಟ್ಟಳು. ಮಹಾಸೇನನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಿದ್ದಳು.

"ಧಾರವಾಡದ ಪಂಡಿತರು?"

ತೊಂಬತ್ತಾರು ವರ್ಷದ ಪಂಡಿತರು ತೀರಿಕೊಂಡರು, ಪೆಟ್ಟಿಗೆ ಕಳುವಾಯಿತು, ಉಜ್ಜಪ್ಪನ ಮನೆತನವೇ ಮಗಧದಿಂದ ವಲಸೆ ಬಂದದ್ದು... ಮೂರು ಉತ್ತರ ಸಾಲಾಗಿ ಬಾಯಿಗೆ ಬಂದವು. ಮೂರನೆಯದು ಚೆನ್ನಾಗಿಯೂ ಇತ್ತು. ಅವಳು ಕೈ ಎತ್ತಿದಳು. ಬಸ್ಸು ನಿಲ್ಲಿಸುವಂತೆ.

"ಬ್ಯಾಡ ಗುರಣ್ಣ. ಸುಸ್ತಾಗೈತೆ ನಂಗೆ."

"ನಾನು ಧಾರವಾಡ ನೋಡಿಲ್ಲ" ಎಂದೆ.

ಅವಳು ಮಹಾಸೇನನ ಹೆಸರಿನ ಮೇಲೆ ಬೆರಳಿಟ್ಟಳು.

"ಆ ಶನಿವಾರ ಉಜ್ಜಪ್ಪನ ವಂಶವೃಕ್ಷ ಬರೆದಿದ್ದೆ. ಒಂದು ಪ್ರತಿ ಬ್ಯಾಗಲ್ಲಿತ್ತು. ನಿಮಗೆ ತುಂಬಿಸ್ಕೊಡ್ತೀನಿ ಅಂದಿದ್ದೆ, ತುಂಬೋಕೆ ಏನೂ ಸಿಕ್ಕಿರಲಿಲ್ಲ. ಬಸ್ಸು ಶಿರಾಳಕೊಪ್ಪ ದಾಟೋದ್ರೊಳಗೆ ಹಳ್ಳನ ನದಿ ಮಾಡಿದೆ. ಪರೀಕ್ಷೆಲಿ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ."

"ಒಂದು ಅರ್ಜಿ ಬರೀರಿ" ಎಂದಳು.

"ಯಾರಿಗೆ?"

"ಪೇಪರ್ ತಿದ್ದೋರಿಗೆ. ಆ ಎಂಟು ಪುಟ ಬಿಟ್ಟು ಉಳಿದಿದ್ದು ನೋಡ್ರಿ ಅಂತ. ಇಲ್ಲ, ಅಶೋಕಂದು ಬರ್ದು ಕಳಿಸ್ತೀನಿ ಅಂತ. ಹೆಂಗಾದ್ರೂ ಬರೀರಿ. ಎಮ್ಮೆ ಅರ್ಜಿ ಬರ್ದೋರು ನೀವು."

ಬಿಳಿ ಹಾಳೆ ತೆಗೆದುಕೊಂಡೆ. ಅವಳು ತಂದ ಪೆನ್ನಿನಿಂದಲೇ ಮಾನ್ಯರೇ ಎಂದು ಬರೆದೆ. ಮುಂದಕ್ಕೆ ಕೈ ಹೋಗಲಿಲ್ಲ.

"ಕೊಟ್ಟ ಉತ್ತರ ಪತ್ರಿಕೆ ವಾಪಸು ಕೇಳೋಕೆ ಅರ್ಜಿ ಇಲ್ಲ ನಾಗವೇಣಿ. ನಾನು ಬರೆದ್ರೂ ಅದು ಅರ್ಜಿ ಆಗಲ್ಲ. ಬರೀ ಕಾಗದ."

ಅವಳು ತಲೆಯಾಡಿಸಿದಳು. ಅದು ಅವಳಿಗೂ ಗೊತ್ತಿತ್ತು. ನೋಟ್‌ಬುಕ್ಕು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಒಂದು ಕಥೆ ಹೇಳಿ ಪಾರಾಗುತ್ತಿದ್ದೆನೇನೋ.

"ಅಪ್ಪಂಗೆ ಹೇಳಲ್ಲ ನಾನು. ಆ ಕುಂಟ ರಾಜನ್ನ ಊರೆಲ್ಲ ಹೇಳ್ಕೊಂಡು ತಿರುಗ್ತಾನೆ" ಎಂದಳು. ಎದ್ದು ನಿಂತ ಮೇಲೆ ಮತ್ತೆ ಕೇಳಿದಳು, "ಒಂದು ಮಾತು. ನೀವು ಇಂಟರ್ವ್ಯೂ ತನಕ ಹೋಗಿದ್ದು?"

"ಇಲ್ಲ."

"ಮುಖ್ಯ ಪರೀಕ್ಷೆ?"

"ಇಲ್ಲ."

"ಪ್ರಿಲಿಮ್ಸಾದ್ರೂ ಬರ್ದಿದ್ರಾ?"

ಕಚೇರಿಯ ಕಿಟಕಿ ತೆರೆದಿತ್ತು, ಜನ ಅತ್ತ ನುಗ್ಗಿದರು. ಮರದಡಿ ನಾವಿಬ್ಬರೇ ಉಳಿದೆವು. ನಾನು ಹೇಳಿದೆ. ಹಾಲ್ ಟಿಕೆಟ್ ಬಂದಿತ್ತು. ಶಿವಮೊಗ್ಗದ ತನಕ ಹೋಗಿದ್ದೆ. ಗೇಟಿನ ಹತ್ತಿರ ಎಲ್ಲರೂ ಪುಸ್ತಕ ತಿರುವುತ್ತಿದ್ದರು. ಒಬ್ಬ ಹುಡುಗ ನನ್ನ ಕಡೆ ತಿರುಗಿ ಕನಿಷ್ಕನ ರಾಜಧಾನಿ ಯಾವುದು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅವನು ಪಕ್ಕದವನನ್ನು ಕೇಳಿದ, ಪಕ್ಕದವನಿಗೆ ಗೊತ್ತಿತ್ತು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಸಂಜೆಯವರೆಗೆ ಕೂತೆ. ಮನೆಗೆ ಬಂದಾಗ ಅಪ್ಪ ಅಂಗಡಿಯಲ್ಲಿ ಬೇಳೆ ತೂಗುತ್ತಿದ್ದರು. ನಾಲ್ಕು ಜನ ಗಿರಾಕಿ ನಿಂತಿದ್ದರು. ಹೆಂಗಾತೋ ಎಂದು ಎಲ್ಲರೆದುರು ಕೇಳಿದರು. ಬಹಳ ಚಲೋ ಆತು ಎಂದೆ. ಅಪ್ಪ ಆ ನಾಲ್ಕೂ ಜನಕ್ಕೆ ಒಂದೊಂದು ಹಿಡಿ ಬೇಳೆ ಹೆಚ್ಚು ಹಾಕಿದರು.

ಮುಂದಿನ ಸಲವೂ ಹಾಲ್ ಟಿಕೆಟ್ ಬಂದಿತ್ತು. ಆ ಸಲ ನಾನು ಶಿವಮೊಗ್ಗಕ್ಕೂ ಹೋಗಲಿಲ್ಲ.